ಸಬ್ ಊಪರ್

ತಿಕೋಟಾದಲ್ಲಿ ಹಿಂದಿ ಬಲ್ಲವರು ಬಹಳ ಜನ. ಆದರೆ ಹಿಂದಿ ಬಲ್ಲವರೆಂಬ ಹೆಸರು ಇದ್ದದ್ದು ಬಸಗೊಂಡಪ್ಪನವರೊಬ್ಬರಿಗೇ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಆಳುಗಳ ಮುಕಾದಮರಾಗಿದ್ದಾಗ ಅವರು ಹೊರಗಿನ ವ್ಯಾಪಾರಿಗಳ ಮುಂದೆ ನಿಂತು, "ಏ ಅಚ್ಛಾ ಮಾಲ್ ಹೈ, ಓ ಭೀ ಅಚ್ಛಾ ಮಾಲ್ ಹೈ" ಎನ್ನುತ್ತಿದ್ದರು. ವ್ಯಾಪಾರಿಗಳು ತಲೆದೂಗುತ್ತಿದ್ದರು. ತಲೆದೂಗಿದ್ದು ಹಿಂದಿಗೋ ದ್ರಾಕ್ಷಿಗೋ ಎಂದು ಯಾರೂ ವಿಚಾರಿಸಿ ನೋಡಲಿಲ್ಲ. ಅಂದಿನಿಂದ ಓಣಿಯಲ್ಲಿ ಯಾರ ಮೊಬೈಲಿಗೆ ಹಿಂದಿಯಲ್ಲಿ ಕರೆ ಬಂದರೂ ಆ ಮೊಬೈಲು ಬಸಗೊಂಡಪ್ಪನವರ ಕಿವಿಗೆ ಬರುತ್ತಿತ್ತು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ನಹೀ ಹೋನಾ" ಎಂದು ಇಟ್ಟುಬಿಡುತ್ತಿದ್ದರು. ವಿಮೆ ಮಾರುವವರಿಂದ, ಮೊಬೈಲು ಟವರು ನಿಲ್ಲಿಸುತ್ತೇವೆನ್ನುವವರಿಂದ ಅವರು ಓಣಿಯನ್ನು ಹೀಗೆ ಎಷ್ಟೋ ಸಲ ಕಾಪಾಡಿದ್ದರು. ಪಕ್ಕದ ಮನೆಯ ಭಾಗಪ್ಪನ ಮಗಳಿಗೆ ಸೊಲ್ಲಾಪುರದ ಗಂಡಿನ ಕಡೆಯವರು ಮಾಡಿದ ಕರೆಯಿಂದಲೂ ಒಮ್ಮೆ ಕಾಪಾಡಿದ್ದರು.

ಅವರ ಹಿಂದಿಯನ್ನು ನಂಬದೆ ಇದ್ದವಳು ಹೆಂಡತಿ ಶಂಕ್ರೆವ್ವ ಒಬ್ಬಳೇ. "ನಿಮ್ಮ ಹಿಂದಿ ದ್ರಾಕ್ಷಿಗಷ್ಟ ತಿಳೀತೈತಿ, ಮನಷ್ಯಾರಿಗಲ್ಲ" ಎನ್ನುತ್ತಿದ್ದಳು. ಆ ಶಂಕ್ರೆವ್ವ ಲಿಂಗೈಕ್ಯಳಾಗಿ ವರ್ಷವಾಗುತ್ತ ಬಂದಿತ್ತು. ಬರುವ ಸೋಮವಾರ ಪುಣ್ಯಸ್ಮರಣೆ.

ಬಸಗೊಂಡಪ್ಪನವರ ಕಪಾಟಿನಲ್ಲಿ ಒಂದು ಹಳೆಯ ಕ್ಯಾಸೆಟ್ಟು ಇತ್ತು. ಅದರಲ್ಲಿ ಶಂಕ್ರೆವ್ವ ಬೀಸುತ್ತ ಹಾಡಿದ ಹಾಡು. ನಲವತ್ತು ವರ್ಷದ ಹಿಂದಿನ ಮಾತು. ಅವತ್ತು ಊರಿನ ಹಿಟ್ಟಿನ ಗಿರಣಿ ಕೆಟ್ಟಿತ್ತು, ಬಸಗೊಂಡಪ್ಪನವರ ತಾಯಿ ಜ್ವರದಿಂದ ಮಲಗಿದ್ದಳು, ಮರುದಿನ ಮನೆಗೆ ಬೀಗರು ಬರುವವರಿದ್ದರು. ಅಷ್ಟು ಜೋಳವನ್ನು ಹೆಂಡತಿ ಒಬ್ಬಳೇ ಬೀಸುವುದನ್ನು ನೋಡಲಾರದೆ ಬಸಗೊಂಡಪ್ಪನವರು ಕದ ಹಾಕಿ, ಅಗಳಿ ಜಡಿದು, ಅವಳ ಎದುರಿಗೆ ಕುಳಿತು ಬೀಸುವ ಕಲ್ಲಿನ ಗೂಟ ಹಿಡಿದರು. ಗಂಡಸು ಬೀಸಲು ಕುಳಿತದ್ದು ತಿಳಿದರೆ ಓಣಿಯಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಶಂಕ್ರೆವ್ವಳಿಗೆ ನಗು ತಡೆಯಲಿಲ್ಲ. ತನ್ನ ತಮ್ಮ ಬಿಟ್ಟುಹೋಗಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಅದನ್ನು ಕಲ್ಲಿನ ಬಾಜೂಕೆ ಇಟ್ಟು, ಹಾಡಲು ಶುರುಮಾಡಿದಳು. ಹೀಗಾಗಿ ಆ ಕ್ಯಾಸೆಟ್ಟಿನಲ್ಲಿ ಹಾಡು ಅವಳದು, ಕಲ್ಲು ಇಬ್ಬರದು. ಈ ಸಂಗತಿ ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಗ ಒಬ್ಬರಿಗೆ ಮಾತ್ರ ಗೊತ್ತು.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಸ್ಪೀಕರಿನ ಅಂಗಡಿ ಇಟ್ಟಿದ್ದ ಅಯೂಬ ಆ ಹಾಡನ್ನು ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿಕೊಟ್ಟಿದ್ದ. ಬಸಗೊಂಡಪ್ಪನವರು ಮನೆಗೆ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಹಾಡು ಹಚ್ಚಿದರು. ಶಂಕ್ರೆವ್ವಳ ದನಿ ಬಂತು. ಕಲ್ಲು ಬರಲಿಲ್ಲ. ಗರಗರ ಎನ್ನುವ ಆ ತಳದ ಸದ್ದು ಇಲ್ಲವೇ ಇಲ್ಲ. ಅಂದರೆ ಮೊಬೈಲಿನಲ್ಲಿ ಅವಳಿದ್ದಳು, ಇವರಿರಲಿಲ್ಲ. ಮನೆಯಲ್ಲಿ ಇವರಿದ್ದರು, ಅವಳಿರಲಿಲ್ಲ. ಇಬ್ಬರೂ ಒಂದು ಕಡೆ ಕೂಡಬೇಕಾದರೆ ಕಲ್ಲು ಬೇಕು.

ಇಷ್ಟನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಸಾರಿದರು: "ಸೋಮವಾರ ಎಲ್ಲಾರೂ ಬರ್ರಿ. ಬರೇ ಹಾಡಲ್ಲ, ಬೀಸೂ ಕಲ್ಲೂ ಕೇಳಸ್ತೇನಿ. ಆಕಿ ಇಲ್ಲೇ ಕುಂತ ಬೀಸಿದಂಗ ಕೇಳಬೇಕು."

ಮರುದಿನವೇ ಮತ್ತೆ ಅಯೂಬನ ಅಂಗಡಿಗೆ ಹೋದರು.

"ಕಾಕಾ, ಟೇಪಿನ್ಯಾಗ ಕಲ್ಲ ಐತಿ," ಎಂದ ಅಯೂಬ. "ಆದ್ರ ಮೊಬೈಲಿನ ಸ್ಪೀಕರ್ ನೋಡ್ರಿ, ಉಗರಿನಷ್ಟ ಐತಿ. ಅದು ಬೀಸೂ ಕಲ್ಲ ಎತ್ತೂದ ಹೆಂಗ? ದಪ್ಪ ಸಪ್ಪಳಕ್ಕ ಬ್ಯಾರೇ ಡಬ್ಬಿ ಬರತಾವ. ನಿಮ್ಮ ಪಡಸಾಲಿ ಎಷ್ಟ ದೊಡ್ಡದೈತಿ?"

"ನಲವತ್ತ ಮಂದಿ ಊಟಕ್ಕ ಕುಂದರತಾರ."

"ಹಂಗಾರ ಒಂದು ಸಾಲೂದಿಲ್ರಿ. ಒಂದ ಇಟ್ರ ದಪ್ಪ ಸಪ್ಪಳ ಒಂದ ಕಡೆ ಗುಡ್ಡಾ ಆಗತೈತಿ, ಒಂದ ಕಡೆ ತಗ್ಗ ಆಗತೈತಿ. ಕೆಲವ್ರಿಗೆ ಕಿವಿ ಗುಂಯ್ ಅಂತೈತಿ, ಕೆಲವ್ರಿಗೆ ಏನೂ ಕೇಳೂದಿಲ್ಲ. ನಾಕ ಇಟ್ರ ಎಲ್ಲಾ ಕಡೆ ಸಮಾ."

ಅಷ್ಟರಲ್ಲಿ ಅಯೂಬನಿಗೆ ಯಾರದೋ ಕರೆ ಬಂತು. ಮೊಬೈಲು ಕಿವಿಗಿಟ್ಟುಕೊಂಡೇ ಅವನು ಗೋಡೆಯ ಹತ್ತಿರದ ನಾಲ್ಕು ಕರಿಯ ಡಬ್ಬಿಗಳ ಕಡೆ ಬೆರಳು ತೋರಿಸಿ, "ಇವ ನೋಡ್ರಿ ಕಾಕಾ, ಸಬ್‌ವೂಫರ್," ಎಂದ.

ಬಸಗೊಂಡಪ್ಪನವರ ಕಿವಿಗೆ ಬಿದ್ದದ್ದು "ಸಬ್ ಊಪರ್". ಸಬ್ ಎಂದರೆ ಎಲ್ಲ. ಊಪರ್ ಎಂದರೆ ಮೇಲೆ. ಹಿಂದಿ ಬಲ್ಲವರಿಗೆ ಇದರಲ್ಲಿ ಸಂಶಯಕ್ಕೆ ಜಾಗವೆಲ್ಲಿ?

"ಸಬ್ ಊಪರ್?" ಎಂದು ಖಾತ್ರಿ ಮಾಡಿಕೊಂಡರು.

"ಹಾಂ, ಸಬ್‌ವೂಫರ್."

"ನಾಕೂ?"

"ನಾಕೂ ಸಬ್‌ವೂಫರ್ ಕಾಕಾ. ಇಡೂ ಜಾಗಾನ ಮುಖ್ಯ. ಶನಿವಾರ ನಾ ಬಂದ ಜೋಡಸ್ತೇನಿ."

"ಅಚ್ಛಾ," ಎಂದರು ಬಸಗೊಂಡಪ್ಪನವರು. ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡ ಸಂತೋಷದಲ್ಲಿ ಇಬ್ಬರೂ ಬೇರೆಯಾದರು.

ಡಬ್ಬಿಗಳನ್ನು ಬಾಡಿಗೆಗೆ ಹಿಡಿದು ಅವತ್ತೇ ಮನೆಗೆ ತಂದಿದ್ದ ಬಸಗೊಂಡಪ್ಪನವರಿಂದ ಶನಿವಾರದ ತನಕ ಕಾಯಲು ಆಗಲಿಲ್ಲ. ಗುರುವಾರ ಸಂಜೆ ಮಗ ಸಂಗು ಬಬಲೇಶ್ವರದ ಸೊಸೈಟಿಯ ಕೆಲಸ ಮುಗಿಸಿ ಬಂದವನೇ ನಿಚ್ಚಣಿಕೆ ಹಿಡಿಯಬೇಕಾಯಿತು.

"ಯಪ್ಪಾ, ಡಬ್ಬಿ ಅಟ್ಟದ ಮ್ಯಾಲ ಯಾಕ?"

"ಅಯೂಬ ಹೇಳ್ಯಾನ. ಹಿಂದ್ಯಾಗ ಹೇಳ್ಯಾನ."

ಆ ಮನೆಯಲ್ಲಿ ಹಿಂದಿಯ ಮೇಲೆ ಅಪೀಲು ಇರಲಿಲ್ಲ. ಸೊಸೆ ವಿಜಯಲಕ್ಷ್ಮೀ ಮಾತ್ರ, "ಮಾವಾರ, ಅಲ್ಲೆ ತಾಮ್ರದ ಹಂಡೆ, ಪರಾತ, ಕೊಡ ಎಲ್ಲಾ ಅದಾವ್ರಿ," ಎಂದಳು. "ಇರಲಿ ಬಿಡವಾ, ಅವೂ ಕೇಳಲಿ," ಎಂದರು ಮಾವನವರು. ಅಟ್ಟವೆಂದರೆ ಹಳೆಯ ತೊಲೆಗಳ ಮೇಲೆ ಹಾಸಿದ ಹಲಗೆ. ಅದರ ಒಂದು ಮಗ್ಗುಲಿನ ಗೋಡೆ ಭಾಗಪ್ಪನ ಮನೆಗೂ ಗೋಡೆ. ನಾಲ್ಕೂ ಡಬ್ಬಿಗಳು ಆ ಗೋಡೆಗೆ ಬೆನ್ನು ಹಚ್ಚಿ, ಪಾತ್ರೆಗಳ ನಡುವೆ ಸಾಲಾಗಿ ಕುಳಿತವು. ಸಂಗು ಒಂದರಿಂದ ಒಂದಕ್ಕೆ ವೈರು ಎಳೆದ.

ಶುಕ್ರವಾರ ಹನ್ನೊಂದು ಗಂಟೆಗೆ ಬಸಗೊಂಡಪ್ಪನವರು ಹಾಡು ಹಚ್ಚಿದರು. ಡಬ್ಬಿಗಳು ಅಷ್ಟು ಮೇಲಿರುವುದರಿಂದ ಸದ್ದು ಕೆಳಗೆ ಇಳಿದು ಬರಲಿ ಎಂದು ಗುಂಡಿಯನ್ನು ಪೂರ್ತಿ ತಿರುವಿದರು.

ಮೊದಲು ಹಂಡೆ ನಡುಗಿತು. ಆಮೇಲೆ ಪರಾತ. ಆಮೇಲೆ ತೊಲೆ. ಮಾಳಿಗೆಯಿಂದ ಮಣ್ಣು ಉದುರಿತು. ಗೋಡೆಯ ಆಚೆ ಭಾಗಪ್ಪನ ಮನೆಯಲ್ಲಿ ಏನೋ ದಬಕ್ಕನೆ ಬಿತ್ತು.

"ಹೊರಗ ಬರ್ರೋ! ಭೂಮಿ ನಡಗಾಕತ್ತೈತಿ!" ಎಂದು ಭಾಗಪ್ಪ ಅರ್ಧ ಗಡ್ಡ ಕೆರೆದುಕೊಂಡ ಮುಖದಲ್ಲೇ ಓಣಿಗೆ ಹಾರಿದ.

ಭೂಮಿ ಗುಡುಗುವುದು ಆ ಸೀಮೆಯವರಿಗೆ ಹೊಸದಲ್ಲ. ಯಾವಾಗಲಾದರೊಮ್ಮೆ ನೆಲದೊಳಗಿಂದ ಗುಡುಗುಡು ಎಂದು ಕೇಳಿ, ಪಾತ್ರೆ ಅಲುಗಿ, ಜನ ಹೊರಗೆ ಬಂದು ನಿಂತು, ಚಹಾ ಕುಡಿದು ಒಳಗೆ ಹೋಗುವುದು ವಾಡಿಕೆ. ಅಂಥ ಹೊತ್ತಿನಲ್ಲಿ ಮೊದಲು ಕರೆಂಟು ತೆಗೆಯಬೇಕೆಂದು ಊರಿನ ಲೆಕ್ಕಿಗ, ತಲಾಠಿ, ಸಭೆ ಮಾಡಿ ಹೇಳಿದ್ದ. ಬಸಗೊಂಡಪ್ಪನವರು ಅದನ್ನು ಚಾಚೂ ತಪ್ಪದೆ ಪಾಲಿಸಿ, ಮೇನ್ ತೆಗೆದು, ಸೊಸೆಯನ್ನು ಕರೆದುಕೊಂಡು ಹೊರಗೆ ಓಡಿದರು. ಭೂಕಂಪ ತಕ್ಷಣ ನಿಂತಿತು.

"ಶಿವನ ದಯಾ," ಎಂದರು ಬಸಗೊಂಡಪ್ಪನವರು, ಏದುಸಿರು ಬಿಡುತ್ತ.

ಅರ್ಧ ತಾಸಿನ ಮೇಲೆ ಎಲ್ಲರೂ ಒಳಗೆ ಹೋದರು. ಬಸಗೊಂಡಪ್ಪನವರು ಮೇನ್ ಹಾಕಿ ಮತ್ತೆ ಹಾಡು ಹಚ್ಚಿದರು. ಮತ್ತೆ ಭೂಕಂಪವಾಯಿತು. ಮತ್ತೆ ಮೇನ್ ತೆಗೆದು ಓಡಿದರು. ಮತ್ತೆ ನಿಂತಿತು. ಊಟವಾದ ಮೇಲೆ ಮೂರನೆಯ ಸಲ ಆಯಿತು. ಓಣಿಯ ಹಿರಿಯಳು ಪರಸವ್ವ, ಎಂಬತ್ತರ ಮುದುಕಿ, ಬೇವಿನ ಗಿಡದ ಕೆಳಗೆ ಹಾಸಿಗೆ ತರಿಸಿಕೊಂಡು ಕುಳಿತುಬಿಟ್ಟಳು. "ನಾ ಇನ್ನ ಒಳಗ ಹೋಗಾಕಿಲ್ಲ. ಸತ್ರ ಇಲ್ಲೇ ಸಾಯ್ತೇನಿ. ಒಳಗ ಸತ್ರ ನಿಮಗ ಮಣ್ಣ ತಗ್ಯಾಕ ತ್ರಾಸ."

ಬಸಗೊಂಡಪ್ಪನವರಿಗೆ ಮಾತ್ರ ಈ ಸಲ ಒಂದು ಸಂಗತಿ ಹೊಳೆಯಿತು. ಮೂರೂ ಸಲ ಭೂಮಿ ನಡುಗಿದ್ದು ತಾವು ಹಾಡು ಹಚ್ಚಿದಾಗಲೇ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ತಲೆ ಎತ್ತಿ ಅಟ್ಟ ನೋಡುತ್ತಿದ್ದರು. ಬಸಗೊಂಡಪ್ಪನವರು ದೇವರ ಜಗಲಿಯ ಮುಂದೆ ಹೋಗಿ ಕುಳಿತು, ಪಕ್ಕದ ಗೋಡೆಯ ಮೇಲಿನ ಶಂಕ್ರೆವ್ವಳ ಫೋಟೋದ ಕಡೆ ಮುಖ ಎತ್ತಿದರು. "ಸಿಟ್ಟಾಗಬ್ಯಾಡ," ಎಂದರು ಮೆಲ್ಲಗೆ. "ಬಾಗಲಾ ಹಾಕ್ಕೊಂಡ ಬೀಸಿದ್ದನ್ನ ಮಂದೀಗಿ ಕೇಳಸಬಾರದಂತೀ? ಹೇಳು, ಬಿಟ್ಟಬಿಡ್ತೇನಿ." ಫೋಟೋದಲ್ಲಿ ಶಂಕ್ರೆವ್ವ ಎಂದಿನಂತೆ ನಗುತ್ತಿದ್ದಳು. ಅದು ಬಿಡು ಎನ್ನುವ ನಗುವೋ ಬಿಡಬೇಡ ಎನ್ನುವ ನಗುವೋ, ನಲವತ್ತೈದು ವರ್ಷ ಸಂಸಾರ ಮಾಡಿದರೂ ಅವರಿಗೆ ತಿಳಿಯಲಿಲ್ಲ.

ಮೂರು ಗಂಟೆಗೆ ತಲಾಠಿ ಪ್ರತಾಪ ರಿಜಿಸ್ಟರು ಹಿಡಿದು ಬಂದ.

"ಬಾಜೂ ಊರು ಘೋಣಸಗಿಯವರಿಗೆ ಫೋನ್ ಹಚ್ಚಿದ್ದೆ. ಅಲ್ಲೆ ಏನೂ ಆಗಿಲ್ಲಂತ. ನಿಮ್ಮ ಆಚೀ ಓಣಿಯವ್ರಿಗೂ ಗೊತ್ತಿಲ್ಲ."

"ನಮ್ಮ ಓಣಿಗಷ್ಟ ಬಂದೈತ್ರಿ," ಎಂದ ಭಾಗಪ್ಪ, ಸ್ವಲ್ಪ ಹೆಮ್ಮೆಯಿಂದಲೇ. "ಬರಕೋರಿ."

"ತೀವ್ರತೆ ಎಷ್ಟಿತ್ತು?"

"ನಮ್ಮ ಉಪ್ಪಿನಕಾಯಿ ಗಡಗಿ ಬಿದ್ದ ಒಡದೈತಿ. ಅಷ್ಟ ತೀವ್ರತೆ."

ಗೋಡೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಲು ತಲಾಠಿ ಬಸಗೊಂಡಪ್ಪನವರ ಪಡಸಾಲೆಗೆ ಬಂದ. "ಬಸಗೊಂಡಪ್ಪನೋರ, ಭೂಮಿ ನಡಗಿದಾಗ ನೀವ್ ಏನ್ ಮಾಡಾಕತ್ತಿದ್ರಿ?"

ಬಸಗೊಂಡಪ್ಪನವರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ನಮ್ಮನಿಯಾಕಿ ಹಾಡ ಹಚ್ಚಿದ್ನಿ. ಆಕಿಗೆ ಮನಸಿಲ್ಲ ಅಂತ ಕಾಣತೈತ್ರಿ, ಹಚ್ಚಿದಾಗೊಮ್ಮೆ ಭೂಮಿ ನಡಗತೈತಿ."

ತಲಾಠಿ ಅವರನ್ನು ಒಂದು ಗಳಿಗೆ ನೋಡಿದ. "ಇನ್ನೊಮ್ಮೆ ಹಚ್ರಿ."

ಹಚ್ಚಿದರು. ಹಂಡೆ ನಡುಗಿತು, ತೊಲೆ ನಡುಗಿತು, ರಿಜಿಸ್ಟರಿನ ಮೇಲೆ ಹಿಡಿ ಮಣ್ಣು ಬಿತ್ತು. ಭಾಗಪ್ಪ ಬಾಗಿಲಿಂದಲೇ ಹಾರಿ ಓಡಿದ. ತಲಾಠಿ ಮಣ್ಣು ಬಂದ ದಾರಿ ಹಿಡಿದು ಮೇಲೆ ನೋಡಿದ.

"ಅವೇನವು ಮ್ಯಾಲ?"

"ಸ್ಪೀಕರ್ರಿ. ಅಯೂಬನ ಅಂಗಡ್ಯಾವು."

"ಮ್ಯಾಲ ಯಾಕ ಇಟ್ಟೀರಿ?"

"ಅಂವನ ಅಂದನ್ರಿ. ಸಬ್ ಊಪರ್ ಅಂತ."

ತಲಾಠಿ ಗುಂಡಿ ತಿರುವಿ ಸದ್ದು ನಿಲ್ಲಿಸಿದ. ಅಲ್ಲೇ ಅಯೂಬನಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ನಗು ಡಬ್ಬಿಗಳ ಸಹಾಯವಿಲ್ಲದೆಯೇ ಪಡಸಾಲೆಯಲ್ಲೆಲ್ಲ ಸಮನಾಗಿ ಕೇಳಿಸಿತು. ತಾಲೂಕು ಕಚೇರಿಗೆ ಆಗಲೇ ಸುದ್ದಿ ಕಳಿಸಿದ್ದ ತಲಾಠಿ ಮಾತ್ರ ನಗಲಿಲ್ಲ. ತಲೆ ಕೆರೆದುಕೊಂಡು, ಮಣ್ಣು ಝಾಡಿಸಿ, ಬರೆದ: "ಸದರಿ ಕಂಪನವು ಶ್ರೀ ಬಸಗೊಂಡಪ್ಪ ಇವರ ಅಟ್ಟದಿಂದ ಉಂಟಾಗಿದ್ದು, ಭೂಮಿಗೂ ಇದಕ್ಕೂ ಯಾವುದೇ ಸಂಬಂಧ ಇರುವುದಿಲ್ಲ." ಬರೆದು ಎದ್ದು, "ಇನ್ನೊಮ್ಮೆ ಓಣಿ ನಡಗಿದ್ರ ಈ ಡಬ್ಬಿ ನಾನ ಒಯ್ತೇನಿ ನೋಡ್ರಿ, ಸೋಮವಾರ ಇರಲಿ ಏನರೆ ಇರಲಿ," ಎಂದ.

ಓಣಿಯವರಿಗೆ ನಗಬೇಕೋ ಬೈಯಬೇಕೋ ಎಂದು ಗೊಂದಲವಾಗಿ, ಎರಡನ್ನೂ ಮಾಡಿದರು. ಭಾಗಪ್ಪ ಬೈಯುವುದನ್ನೇ ಆರಿಸಿಕೊಂಡ. "ಇದ ಹಿಂದೀನ ಅಲ್ಲೇನ್ರಿ ನನ್ನ ಮಗಳ ವರಾ ಕಳದದ್ದು! ಅವತ್ತ ಅವ್ರು ಏನ್ ಅಂದಿದ್ರು, ನೀವ್ ಏನ್ ತಿಳಕೊಂಡ್ರಿ, ಖರೇ ಹೇಳ್ರಿ!" ಬಸಗೊಂಡಪ್ಪನವರು ಮಣ್ಣು ಗುಡಿಸುವ ನೆವದಲ್ಲಿ ಒಳಗೆ ನಡೆದರು. ಸಂಜೆ ಸಂಗು ಬಂದು, "ಯಪ್ಪಾ, ಸಾಕ. ಮೊಬೈಲಿನ್ಯಾಗ ಹಚ್ಚೂಣು. ಹಾಡರೆ ಕೇಳತೈತಲ್ಲ," ಎಂದ. ನಾಲ್ಕು ಭೂಕಂಪವಾದರೂ ಕಲ್ಲಿನ ಗರಗರ ಬಸಗೊಂಡಪ್ಪನವರ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಬಿದ್ದದ್ದು ಬರೀ ಹಂಡೆ.

ಶನಿವಾರ ಅಯೂಬ ನಗುತ್ತಲೇ ಒಳಗೆ ಬಂದ. ಶಂಕ್ರೆವ್ವಳ ಫೋಟೋ ಕಂಡು ನಗು ನಿಲ್ಲಿಸಿದ. ಎರಡು ದಿನದಲ್ಲಿ ಕಾಕಾ ಎಷ್ಟು ಇಳಿದು ಹೋಗಿದ್ದಾರೆಂಬುದನ್ನೂ ನೋಡಿದ.

"ಕಾಕಾ, ಇದು ನೆಲದ ಸಪ್ಪಳ. ನೆಲಕ್ಕ ಇಡಬೇಕು. ಯಾರರೆ ಬೀಸೂ ಕಲ್ಲ ಅಟ್ಟದ ಮ್ಯಾಲ ಇಟ್ಟ ಬೀಸ್ತಾರೇನ್ರಿ?"

ಇಷ್ಟು ಸರಳವಾದ ಮಾತನ್ನು ಯಾರೂ ಅವರಿಗೆ ಕನ್ನಡದಲ್ಲಿ ಹೇಳಿರಲಿಲ್ಲ.

ಡಬ್ಬಿಗಳು ಇಳಿದವು. ಜಾಗ ಹುಡುಕುವ ಅಯೂಬನ ಪದ್ಧತಿ ಮಾತ್ರ ವಿಚಿತ್ರವಾಗಿತ್ತು. ಜನ ಕುಳಿತುಕೊಳ್ಳುವ ಕಡೆ, ಬಸಗೊಂಡಪ್ಪನವರ ಆರಾಮ ಕುರ್ಚಿಯ ಮೇಲೆ, ಒಂದು ಡಬ್ಬಿಯನ್ನು ಕೂರಿಸಿ, ಹಾಡು ಹಚ್ಚಿದ. "ಈಗ ನಾವು ಗ್ವಾಡಿಗುಂಟ ಅಂಬೆಗಾಲ ಹಾಕೂಣು. ಎಲ್ಲಿ ಕಲ್ಲ ಚಂದ ಕೇಳತೈತಿ, ಅದ ಡಬ್ಬಿ ಜಾಗಾ." ಎಪ್ಪತ್ತು ದಾಟಿದ ಬಸಗೊಂಡಪ್ಪನವರು ಧೋತರ ಎತ್ತಿಕಟ್ಟಿ, ಕಿವಿ ನೆಲಕ್ಕೆ ಬಗ್ಗಿಸಿ, ಗೋಡೆಗುಂಟ ಹೊರಟರು. ಹಿಂದೆ ಅಯೂಬ. ಅವನ ಹಿಂದೆ, "ಮಾವಾರ, ಮೊಣಕಾಲ ರೀ!" ಎನ್ನುತ್ತ ದಿಂಬು ಹಿಡಿದ ವಿಜಯಲಕ್ಷ್ಮೀ. ಕಿಟಕಿಯಿಂದ ಇಣುಕಿದ ಭಾಗಪ್ಪ ಬಹಳ ಹೊತ್ತು ನೋಡಿ, "ಇದನ್ನೂ ಹಿಂದ್ಯಾಗ ಹೇಳ್ಯಾರೇನು?" ಎಂದು ಕೇಳಿದ.

ಬಾಗಿಲಿನ ಬಾಜೂಕೆ ಬಸಗೊಂಡಪ್ಪನವರು ನಿಂತುಬಿಟ್ಟರು. ನೆಲಕ್ಕೆ ಹಚ್ಚಿದ ಅಂಗೈಯಲ್ಲಿ ಏನೋ ತಿರುಗಿದಂತಾಯಿತು. "ಇಲ್ಲೈತಿ," ಎಂದರು.

ಅಲ್ಲಿ ಒಂದು ಡಬ್ಬಿ ಇಟ್ಟರು. ಎದುರಿನ ಗೋಡೆಯ ನಡುವೆ ಎರಡನೆಯದು. ಉತ್ಸಾಹ ತಡೆಯದೆ ಅದರ ವೈರನ್ನು ಬಸಗೊಂಡಪ್ಪನವರೇ ಸಿಕ್ಕಿಸಿದರು. ಹಾಡು ಹಚ್ಚಿದರೆ, ಒಂದರಲ್ಲಿ ಬರುತ್ತಿದ್ದ ಕಲ್ಲು ಎರಡಾದ ಕೂಡಲೇ ಮಾಯ! ಬಸಗೊಂಡಪ್ಪನವರ ಮುಖ ಬಿಳುಪೇರಿತು.

"ಗಾಬರಿ ಆಗಬ್ಯಾಡ್ರಿ," ಎಂದ ಅಯೂಬ ಬಗ್ಗಿ ನೋಡಿ. "ಕೆಂಪ ವೈರ್ ಕರಿ ಕಡೆ ಹಾಕೀರಿ. ಹಿಂಗಾದ್ರ ಒಂದ ಡಬ್ಬಿ ದೂಡಿದಾಗ ಇನ್ನೊಂದ ಜಗ್ಗತೈತಿ. ಒಂದರ ಸಪ್ಪಳ ಇನ್ನೊಂದ ತಿಂದ ಹಾಕತೈತಿ."

"ಹಂಗಂದ್ರ ಎದರಾಬದರಾ ಕುಂತ ಬೀಸೂ ಮುಂದ ಒಬ್ರು ಆಕಡೆ ಒಬ್ರು ಈಕಡೆ ತಿರವಿದಂಗ. ಕಲ್ಲ ನಿಂತಬಿಡತೈತಿ."

"ಬರೋಬ್ಬರಿ! ನಿಮಗ ಹೆಂಗ ಗೊತ್ರಿ ಕಾಕಾ?"

"ಹಿಂಗ... ಹೆಂಗಸರು ಮಾತಾಡೂದ ಕೇಳೇನಿ," ಎಂದು ಬಸಗೊಂಡಪ್ಪನವರು ವೈರು ಬದಲಿಸಿದರು. ಉಳಿದ ಎರಡನ್ನೂ ಅಯೂಬ ಇನ್ನೆರಡು ಗೋಡೆಗೆ ಇಟ್ಟ. ಜಗಲಿ ಇದ್ದ ಗೋಡೆಯ ಡಬ್ಬಿಯನ್ನು ಮಾತ್ರ ಬಸಗೊಂಡಪ್ಪನವರು ಒಂದು ಮಾರು ಆಚೆ ಸರಿಸಿದರು. ದೇವರ ಬಾಜೂಕೆ ಕೂಡುವ ಯೋಗ್ಯತೆ ಅದಕ್ಕೆ ಇನ್ನೂ ಬಂದಿರಲಿಲ್ಲ.

ಸೋಮವಾರ ಮಠದ ಅಯ್ಯನವರು ಬಂದರು, ಪೂಜೆಯಾಯಿತು, ಹೋಳಿಗೆಯ ಊಟವಾಯಿತು. ಪಡಸಾಲೆಯ ತುಂಬ ಜನ ಕುಳಿತರು. ಭಾಗಪ್ಪ ಬಾಗಿಲ ಹತ್ತಿರವೇ ಕುಳಿತ, ಒಂದು ಕಾಲು ಹೊರಗೆ. ತಲಾಠಿಯೂ ಬಂದಿದ್ದ, ಊಟಕ್ಕೋ ಜಪ್ತಿಗೋ ತಿಳಿಯದು. ಪರಸವ್ವ ನಡುವೆ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಅವಳೂ ಕಾಖಂಡಕಿಯವಳು, ಶಂಕ್ರೆವ್ವಳ ತವರೂರಿನವಳು.

ಸಂಗು ಹಾಡು ಹಚ್ಚಿದ.

ಮೊದಲು ಕಲ್ಲು ಬಂತು. ಗರ್ರ್... ಗರ್ರ್... ನಾಲ್ಕೂ ಗೋಡೆಯಿಂದ ಅಲ್ಲ, ನೆಲದ ನಡುವಿನಿಂದಲೇ ಎದ್ದು ಬಂದ ಹಾಗೆ ಬಂತು. ಹಂಡೆ ಸುಮ್ಮನಿತ್ತು. ಭಾಗಪ್ಪ ಹೊರಗಿನ ಕಾಲನ್ನು ಒಳಗೆ ತೆಗೆದುಕೊಂಡ. ಆಮೇಲೆ ಶಂಕ್ರೆವ್ವಳ ದನಿ, ಇಪ್ಪತ್ತೆಂಟು ವರ್ಷದ ಹೆಣ್ಣಿನ ದನಿ, ಕಲ್ಲಿನ ಮೇಲೆ ಕುಳಿತು ಬಂತು. ಮುದುಕಿಯರು ಸೆರಗು ಕಣ್ಣಿಗೆ ಒಯ್ದರು.

ಹಾಡು ಮುಗಿಯಿತು. ಪರಸವ್ವ ನೆಲಕ್ಕೆ ಅಂಗೈ ಊರಿಕೊಂಡೇ ಕುಳಿತಿದ್ದಳು.

"ಶಂಕ್ರಿ ಎದರಿಗೆ ಕುಂತಾಕಿ ಯಾರು?" ಎಂದಳು.

ಬಸಗೊಂಡಪ್ಪನವರು ಕೆಮ್ಮಿದರು.

"ಯಾರರೆ ಇರ್ಲಿ, ಆಕಿಗೆ ಬೀಸಾಕ ಬರೂದಿಲ್ಲ. ಕಲ್ಲ ಒಮ್ಮೆ ಓಡತೈತಿ, ಒಮ್ಮೆ ನಿಂದರತೈತಿ. ಎಂಥಾ ಮನಿಗೇಡಿ ಹೆಂಗಸ ಬೇ ಅದು? ಹಿಂತಾಕಿನ್ನ ಯಾರ ಲಗ್ನಾ ಮಾಡಿಕೊಂಡಾರೋ!"

ಪಡಸಾಲೆಯಲ್ಲಿ ನಗು ಎದ್ದಿತು. ಮುದುಕಿಯರೆಲ್ಲ ಪರಸವ್ವನ ಮಾತಿಗೆ ತಲೆಯಾಡಿಸಿದರು. ಯಾರಿರಬಹುದೆಂದು ಹೆಸರು ಹಿಡಿದು ಹುಡುಕಾಟ ಶುರುವಾಯಿತು. ಬಸಗೊಂಡಪ್ಪನವರ ತೀರಿಹೋದ ತಂಗಿಯ ಹೆಸರೂ ಬಂತು, ತಾಯಿಯ ಹೆಸರೂ ಬಂತು. ತಮ್ಮ ಕೆಟ್ಟ ಕೈಯ ಅಪವಾದ ಶಿವನ ಪಾದ ಸೇರಿದವರ ಮೇಲೆ ಬರುವುದನ್ನು ಅವರು ಸಹಿಸದೆ ಹೋದರು.

"ಪರಸಕ್ಕಾ," ಎಂದರು. "ಆ ಮನಿಗೇಡಿ ಹೆಂಗಸು ನಾನು."

ನಗು ನಿಂತಿತು. ಅಗಳಿ ಜಡಿದದ್ದರಿಂದ ಹಿಡಿದು ಎಲ್ಲವನ್ನೂ ಅವರು ಹೇಳಿದರು. ಸಂಗು ತಂದೆಯ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿದ. ಭಾಗಪ್ಪ ಏನೋ ಹೇಳಲು ಬಾಯಿ ತೆರೆದ, ಅವನ ಹೆಂಡತಿ ಅವನ ತೊಡೆ ಚಿವುಟಿದಳು. ಪರಸವ್ವ ಮಾತ್ರ, "ಇನ್ನೊಮ್ಮೆ ಹಚ್ಚೋ ಸಂಗು," ಎಂದಳು.

ಹಚ್ಚಿದ. ಶಂಕ್ರೆವ್ವ ಹಾಡುತ್ತ ಬಂದಳು:

"ಕಾಖಂಡಕಿ ಬಾವಿಗಿ ಕಲ್ಲಮೆಟ್ಟಿಲ ಎಷ್ಟಽಽಽ..."

"ಹಾಂ, ಇಲ್ಲೆ!" ಎಂದು ಪರಸವ್ವ ಕೈ ಎತ್ತಿದಳು. "ಈ ಹಾಡ ನಾವೂ ಹಾಡೇವಿ. 'ಎಷ್ಟ' ಅಲ್ಲೆ ನಾವ್ಯಾರೂ ಎಳ್ಯಾಕಿಲ್ಲ."

"ಬಾವಿ ಬಾಳ ಆಳ ಐತೆಂತ ಎಳದಿರಬೇಕಕ್ಕಾ," ಎಂದರು ಬಸಗೊಂಡಪ್ಪನವರು. ನಲವತ್ತು ವರ್ಷ ಅವರು ಹಾಗೆಯೇ ತಿಳಿದುಕೊಂಡಿದ್ದರು.

"ಬಾವಿ ಅಲ್ಲೋ ಹುಚ್ಚಪ್ಪಾ. ಕಲ್ಲ ಕೇಳು. ಅಲ್ಲೆ ಮೆತ್ತಗಾತು ನೋಡು. ನಿನ್ನ ಕೈ ಸೋತೈತಿ. ಹಾಡ ಮುಂದ ಹೋದ್ರ ನೀ ಹಿಂದ ಉಳೀತಿ ಅಂತ ಆ ಹುಡುಗಿ ಅದನ್ನ ಹಿಡದ ನಿಂದರಿಸ್ಯಾಳ. ನಿನ್ನ ದಣುವು ಆರಿ, ಕಲ್ಲ ತಿರಗೂ ತನಕಾ."

ಬಸಗೊಂಡಪ್ಪನವರು ಮಗನ ಕಡೆ ನೋಡಿದರು. ಅವರು ಹೇಳುವ ಮೊದಲೇ ಅವನು ಮೂರನೆಯ ಸಲ ಹಚ್ಚಿದ.

ಆ ಸಾಲು ಬರುವ ಮೊದಲೇ ಅವರ ಬಲಗೈ ಗೂಟ ಹಿಡಿದ ಹಾಗೆ ತಾನಾಗಿ ಮುಂದೆ ಬಂದಿತ್ತು. ಈ ಸಲ ಸೋಲಬಾರದೆಂದು, ಅಷ್ಟು ಜನರ ನಡುವೆ, ಹಲ್ಲು ಕಚ್ಚಿ ಜೋರಾಗಿ ತಿರುವಿದರು. ಶಂಕ್ರೆವ್ವ ಮಾತ್ರ ಅವತ್ತಿನ ಹಾಗೆಯೇ ಕಾದಳು.